ಕೊನೆಯ ಪ್ರಯೋಗ

ಕರಪತ್ರದಲ್ಲಿ ‘ಕೊನೆಯ ಪ್ರಯೋಗ’ ಎಂದು ಅಚ್ಚು ಹಾಕಿಸಬೇಕೇ ಬೇಡವೇ ಎಂಬ ವಿಷಯವಾಗಿ ಹೋದ ವಾರ ನಮ್ಮ ಹವ್ಯಾಸಿ ತಂಡದಲ್ಲಿ ದೊಡ್ಡ ವಾದವೇ ನಡೆಯಿತು. ನಾಟಕ ನನ್ನದು; ಅಧ್ಯಾಪಕನಾಗಿ ಸೇರಿದ ಹೊಸದರಲ್ಲಿ, 2003ರಲ್ಲಿ ಬರೆದದ್ದು. ಅಣ್ಣತಮ್ಮಂದಿರಿಬ್ಬರು ಮನೆ ಪಾಲು ಮಾಡಿಕೊಳ್ಳುತ್ತಾರೆ. ಬೆಳ್ಳಿಯ ತಟ್ಟೆಯಿಂದ ಹಿಡಿದು ಬಾವಿಯ ರಾಟೆಯವರೆಗೆ ಎಲ್ಲಕ್ಕೂ ಜಗಳ. ತಾಯಿಯ ಒರಳುಕಲ್ಲು ಮಾತ್ರ ಯಾರಿಗೂ ಬೇಡ. ಕತೆ ಇಷ್ಟೆ. ಕಾಲೇಜು ವಾರ್ಷಿಕೋತ್ಸವಗಳಲ್ಲಿ, ಗಣೇಶನ ಚಪ್ಪರಗಳಲ್ಲಿ ಎಂಟು ಹತ್ತು ವರ್ಷ ಆಡಿ ಬಿಟ್ಟಿದ್ದೆವು. ಒರಳು ಮಾತ್ರ ನಮ್ಮ ಹಿತ್ತಿಲಲ್ಲಿ ಉಳಿದಿತ್ತು. ಅದು ನಿಜವಾದ ಕಲ್ಲು. ಎತ್ತಲು ನಾಲ್ಕು ಆಳು ಬೇಕು. ಈಗ ತಂಡವನ್ನು ಮುಚ್ಚುವ ಮೊದಲು ನಾಲ್ಕು ಶನಿವಾರ ಅದನ್ನೇ ಮತ್ತೆ ಆಡುವುದೆಂದು ಗೊತ್ತಾಗಿದೆ.

ತಾಯಿಯ ಪಾತ್ರ ಮಾಡುವಾಕೆ ಹಿಂದೆ ಅರ್ಧ ಗಂಟೆ ಕುಳಿತು ತಲೆಗೆ ಬಿಳಿ ಬಳಿಸಿಕೊಳ್ಳುತ್ತಿದ್ದರು. ಈಗ ಕಪ್ಪು ಬಳಿಯುವುದನ್ನು ನಿಲ್ಲಿಸಿದರೆ ಸಾಕು. ಅವರೇ ಅಂದರು: “ಮೇಷ್ಟ್ರೇ, ಕೊನೇದು ಅಂತ ಹಾಕಿಸಬೇಡಿ. ಸುಳ್ಳಾದರೆ ಜನ ನಗ್ತಾರೆ. ನಿಜವಾದರೆ ನಾನು ಅಳ್ತೀನಿ.”

ಹುಡುಗನಾಗಿದ್ದಾಗ ನಮ್ಮೂರ ಜಾತ್ರೆಗೆ ಬರುತ್ತಿದ್ದ ನಾಟಕದ ಕಂಪನಿ ನನಗೆ ನೆನಪಾಯಿತು. ಜಾತ್ರೆ ಮುಗಿದ ಮೇಲೆ ಜಟಕಾ ಗಾಡಿಗೆ ಹಲಗೆ ಕಟ್ಟಿ ‘ಕೊನೆಯ ಮೂರೇ ಆಟಗಳು’ ಎಂದು ಸಾರಿಸುತ್ತಿದ್ದರು. ಮೂರಾದ ಮೇಲೆ ಇನ್ನು ಮೂರು. ಆಮೇಲೆ ‘ಮಹಾಜನರ ಕೋರಿಕೆಯ ಮೇರೆಗೆ’ ಮತ್ತೆ ಎರಡು. ಜನಕ್ಕೆ ಇದು ಗೊತ್ತಿತ್ತು, ಕಂಪನಿಯವರಿಗೂ ಗೊತ್ತಿತ್ತು. ಅದನ್ನು ಮೋಸವೆಂದು ಕರೆಯಲು ನನಗೆ ಮನಸ್ಸಿಲ್ಲ. ನ್ಯೂಯಾರ್ಕಿನಲ್ಲಿ ‘ದಿ ಫೆಂಟಾಸ್ಟಿಕ್ಸ್’ ಎಂಬ ಪುಟ್ಟ ಸಂಗೀತ ನಾಟಕವೊಂದು ನೂರೈವತ್ತು ಜನ ಹಿಡಿಸುವಷ್ಟು ಜಾಗದಲ್ಲಿ 1960ರಲ್ಲಿ ಆರಂಭವಾಗಿ, 17,162 ಪ್ರಯೋಗಗಳಾದ ಮೇಲೆ 2002ರ ಜನವರಿಯಲ್ಲಿ ಮುಗಿಯಿತು. ಮುಗಿಯಿತೆಂದರೆ, 2006ರಲ್ಲಿ ಬೇರೊಂದು ಕಡೆ ಮತ್ತೆ ಹುಟ್ಟಿತು, 2017ರವರೆಗೆ ನಡೆಯಿತು. ಕಂಪನಿಯ ಹಲಗೆಗೂ ಅದಕ್ಕೂ ಇರುವ ಅಂತರ ಬಹಳ ದೊಡ್ಡದಲ್ಲ.

ಆದರೂ ‘ಕೊನೆಯದು’ ಎನ್ನುವವನು ಕೇಳುವವನಿಂದ ಏನನ್ನೋ ಪಡೆಯುತ್ತಾನೆ. ಸಾಧಾರಣ ದಿನ ಕೊಡದ ಗಮನವನ್ನೂ ಕ್ಷಮೆಯನ್ನೂ ಪ್ರೇಕ್ಷಕ ಆ ದಿನ ಕೊಡುತ್ತಾನೆ. ಮಾತು ತಪ್ಪಿದರೆ ಎಣಿಸುವುದಿಲ್ಲ. ನಾಟಕದ ಹುಳುಕನ್ನು ಎತ್ತಿ ಆಡುವುದಿಲ್ಲ. ಬೀಳ್ಕೊಡುವಾಗ ಯಾರಾದರೂ ಲೆಕ್ಕ ಕೇಳುತ್ತಾರೆಯೇ? ಹಾಗಾದರೆ ಆ ಮಾತನ್ನು ಬಳಸುವವನು, ತಾನು ಯಾವ ಲೆಕ್ಕದಿಂದ ತಪ್ಪಿಸಿಕೊಳ್ಳಲು ಹೊರಟಿದ್ದೇನೆ ಎಂದು ಒಮ್ಮೆಯಾದರೂ ಕೇಳಿಕೊಳ್ಳಬೇಕು.

ನನಗೆ ಆ ಪ್ರಶ್ನೆಯನ್ನು ಹಾಕಿದವಳು ನಮ್ಮ ಕಾಲೇಜಿನ ವಿದ್ಯಾರ್ಥಿನಿ. ಅವಳೂ ಅವಳ ಜೊತೆಯವರೂ ತಾಲೀಮು ನೋಡಲು ಬಂದಿದ್ದರು. ನಿಮ್ಮ ತಂಡ ನಿಲ್ಲಿಸಿದ ಮೇಲೆ ಈ ನಾಟಕವನ್ನು ನಾವು ಆಡಬಹುದೇ ಎಂದು ಕೇಳಿ, ಅಷ್ಟಕ್ಕೇ ಬಿಡದೆ, “ಸಾರ್, ಈ ಮನೇಲಿ ಹೆಣ್ಣುಮಕ್ಕಳೇ ಇಲ್ವಾ?” ಎಂದಳು. ನಾನು ತುಸು ಖಾರವಾಗಿಯೇ, ಇದು 2003ರ ನಾಟಕವಮ್ಮ, ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟ ತಿದ್ದುಪಡಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಬಂದದ್ದು 2005ರಲ್ಲಿ ಎಂದೆ. ಅವಳು ತಲೆಯಾಡಿಸಿದಳು. ನನ್ನ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. ತಂದೆ ಸ್ವಂತ ದುಡಿದು ಮಾಡಿದ ಆಸ್ತಿಯಲ್ಲಿ, ಅವರು ಉಯಿಲು ಬರೆಯದೆ ತೀರಿಕೊಂಡರೆ, ಮಗಳಿಗೆ ಮಗನಷ್ಟೇ ಪಾಲೆಂದು ಕಾನೂನು ಹೇಳಿದ್ದು 1956ರಲ್ಲಿ. ಅದು ನನಗೆ ಚೆನ್ನಾಗಿ ಗೊತ್ತು. ಏಕೆಂದರೆ ನಮ್ಮ ತಂದೆ ಕಟ್ಟಿಸಿದ ಮನೆಯನ್ನು ನಾನೂ ಅಣ್ಣನೂ ಹಂಚಿಕೊಂಡಾಗ ಅಕ್ಕ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಕೊಟ್ಟಿದ್ದಳು. ಓದಿಯೂ ನೋಡಲಿಲ್ಲ. ಕಾಫಿ ಕುಡಿದು, ಅಮ್ಮನ ಒರಳು ನನಗಿರಲಿ ಎಂದಳು. ಆಗಲಿ ಎಂದೆವು. ಮುಂದೆ ನಾಟಕಕ್ಕೆ ಬೇಕಾಯಿತು, ನಾನೇ ಇಟ್ಟುಕೊಂಡೆ.

ಇಪ್ಪತ್ತು ವರ್ಷಕ್ಕೂ ಮೇಲೆ, ಯಾರಿಗೂ ಬೇಡವಾದ ಒರಳಿನ ಕತೆ ಹೇಳಿ ಚಪ್ಪಾಳೆ ತೆಗೆದುಕೊಂಡವನು ನಾನು. ಬೇಕೆಂದವಳೊಬ್ಬಳು ಇದ್ದಳು, ಅವಳನ್ನು ನಾಟಕದಿಂದಲೇ ತೆಗೆದುಹಾಕಿದ್ದೆ. ಬೇಕೆಂದು ಮಾಡಿದ್ದಲ್ಲ, ನಿಜ. ಆದರೆ ಮರೆವು ಯಾವಾಗಲೂ ಮರೆಯುವವನ ಅನುಕೂಲಕ್ಕೇ ಏಕೆ ಆಗುತ್ತದೆ?

ಸಂಸ್ಕೃತ ನಾಟಕಗಳು ಭರತವಾಕ್ಯದಿಂದ ಮುಗಿಯುತ್ತವೆ. ಶಾಕುಂತಲದ ಭರತವಾಕ್ಯದಲ್ಲಿ, ನನಗೆ ಇನ್ನೊಂದು ಜನ್ಮ ಬೇಡ ಎಂಬ ಬೇಡಿಕೆಯಿದೆ. ಕವಿಯ ಗತಿ ನಮಗೆ ಗೊತ್ತಿಲ್ಲ. ನಾಟಕದ ಮಟ್ಟಿಗೆ ಆ ಪ್ರಾರ್ಥನೆ ಫಲಿಸಲಿಲ್ಲ. 1789ರಲ್ಲಿ ವಿಲಿಯಂ ಜೋನ್ಸನ ಕೈಯಲ್ಲಿ ಅದು ಇಂಗ್ಲಿಷಿನಲ್ಲಿ ಹುಟ್ಟಿತು. ಮುಂದಿನ ಶತಮಾನದಲ್ಲಿ ನಮ್ಮ ಬಸವಪ್ಪ ಶಾಸ್ತ್ರಿಗಳ ಕೈಯಲ್ಲಿ ಕನ್ನಡದಲ್ಲಿ ಹುಟ್ಟಿತು. ನನ್ನ ಪುಟ್ಟ ಆಟವನ್ನು ಅದರ ಪಕ್ಕದಲ್ಲಿ ಇಡುವಷ್ಟು ಅವಿವೇಕಿ ನಾನಲ್ಲ. ಹುಟ್ಟು ಮತ್ತೆ ಬರುವುದಾದರೆ ಬೇರೆಯವರ ಕೈಯಲ್ಲಿ ಬರುತ್ತದೆ ಎಂಬುದಷ್ಟೇ ನನ್ನ ಮಾತು. ಅದನ್ನು ತಡೆಯುವ ತಂದೆ, ಪಾಲಿಗೆ ಒಪ್ಪದ ಮಗನಿಗಿಂತ ಹೇಗೆ ಮೇಲು? ಮಕ್ಕಳ ಸ್ವಾರ್ಥವನ್ನು ಹಳಿಯಲು ಬರೆದ ನಾಟಕವನ್ನೇ ‘ಇದು ನನ್ನದು’ ಎಂದು ಬಿಗಿಹಿಡಿದು ಕೂರುವುದು ಯಾವ ನ್ಯಾಯ?

ನಮ್ಮ ನಾಲ್ಕು ಶನಿವಾರ ನಾಟಕ ಇದ್ದ ಹಾಗೆಯೇ ನಡೆಯಲಿ. ಈ ವಯಸ್ಸಿನಲ್ಲಿ ನಮ್ಮ ನಟರಿಗೆ ಹೊಸ ಮಾತು ಬಾಯಿಗೆ ಹತ್ತುವುದಿಲ್ಲ. ಆಮೇಲೆ ಆ ಹುಡುಗಿ ಒಬ್ಬ ಅಕ್ಕನನ್ನು ಒಳಗೆ ಕರೆತರಲಿ. ಅಕ್ಕ ಏನು ಹೇಳಬೇಕೆಂಬುದನ್ನು ನಾನು ಬರೆದುಕೊಡುವುದಿಲ್ಲ. ಆ ಅರ್ಹತೆ ನನಗಿಲ್ಲ. ಕರಪತ್ರದಲ್ಲಿ ‘ನಮ್ಮ ತಂಡದಿಂದ ಕೊನೆಯ ಪ್ರಯೋಗ’ ಎಂದು ಹಾಕಿಸಿದ್ದೇವೆ. ಎರಡು ಪದ ಹೆಚ್ಚಿಸಿದ್ದರಿಂದ ಮಾತು ನಿಜವಾಯಿತು. ತಾಯಿಯ ಪಾತ್ರದವರೂ ಒಪ್ಪಿದರು.

ಮೊನ್ನೆ ಅಕ್ಕನಿಗೆ ಫೋನು ಮಾಡಿ, ನಾಟಕ ಮುಗಿದ ಮೇಲೆ ಒರಳನ್ನು ಕಳಿಸುತ್ತೇನೆ ಎಂದೆ. ಅವಳು ನಕ್ಕುಬಿಟ್ಟಳು. “ಮೂರನೇ ಮಹಡೀಲಿರೋ ಮನೆಗೆ ಒರಳು ತಂದು ಎಲ್ಲಿಡಲೋ? ರುಬ್ಬೋಕೆ ಮಿಕ್ಸಿ ಇದೆ” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೂ ಕಳಿಸು” ಎಂದಳು.