ಹವ್ಯಾಸಕ್ಕೆ ಕೂಲಿ

‘ಇಷ್ಟು ಚೆನ್ನಾಗಿ ಫೋಟೋ ತೆಗೀತೀಯ, ನಾಲ್ಕು ಕಾಸು ಮಾಡ್ಕೋಬಾರದೇನೋ?’ ಇದು ಒಂದು ಮಾತು. ‘ನಮ್ಮನೆ ಮದುವೆ ಕಣೋ, ನಿನ್ನ ಹತ್ರ ಎಂಥ ಲೆಕ್ಕ?’ ಇದು ಇನ್ನೊಂದು. ಹವ್ಯಾಸಕ್ಕೆಂದು ಕ್ಯಾಮರಾ ಹಿಡಿದವರು ಇವೆರಡನ್ನೂ ಕೇಳಿರುತ್ತಾರೆ, ಎಷ್ಟೋ ಸಲ ಒಬ್ಬರ ಬಾಯಿಂದಲೇ. ಈ ಎರಡರ ನಡುವೆ ಒಂದು ನಿಜವಾದ ಪ್ರಶ್ನೆ ಇದೆ. ಪ್ರೀತಿಯಿಂದ ಮಾಡುವ ಕೆಲಸಕ್ಕೆ ದುಡ್ಡು ತೆಗೆದುಕೊಂಡರೆ ಪ್ರೀತಿ ಉಳಿಯುತ್ತದೆಯೆ?

ಕಲೆಯನ್ನು ಮಾರಬಾರದು ಎಂದು ಹೇಳುವವರು ಬಹುಮಟ್ಟಿಗೆ ಒಂದನೇ ತಾರೀಖು ಸಂಬಳ ಎಣಿಸುವ ನನ್ನಂಥವರು. ಮಡಕೆ ಮಾಡುವವರು, ಮದುವೆಯಲ್ಲಿ ನಾದಸ್ವರ ಊದುವವರು, ಬಾಣಂತನ ಮಾಡುವ ಅಜ್ಜಿ ಎಲ್ಲರೂ ಕೂಲಿ ಪಡೆದೇ ಬದುಕಿದವರು. ಸಂಭಾವನೆ ಪಡೆದನೆಂದು ನಾದಸ್ವರದವನ ಶ್ರುತಿ ಕೆಡಲಿಲ್ಲ. ಸಂಬಳ ಪಡೆಯುತ್ತೇನೆಂದು ಮಕ್ಕಳ ಮೇಲಿನ ನನ್ನ ಅಕ್ಕರೆ ಸುಳ್ಳೆಂದು ಯಾರೂ ಹೇಳಿದ್ದಿಲ್ಲ.

ಬಿಟ್ಟಿ ಕೆಲಸಕ್ಕೂ ಒಂದು ಬೆಲೆ ಉಂಟು. ಬಸ್ ಸ್ಟ್ಯಾಂಡ್ ಎದುರಿನ ಸ್ಟುಡಿಯೋದವನ ಜೀವನ ನಡೆಯುವುದು ಪಾಸ್‌ಪೋರ್ಟ್ ಸೈಜಿನ ಫೋಟೋ, ಶಾಲೆಯ ಗ್ರೂಪ್ ಫೋಟೋ ಮತ್ತು ನಾಲ್ಕು ಮದುವೆಗಳಿಂದ. ಸಂಬಳವಿರುವ ಹವ್ಯಾಸಿ ಇವನ್ನೆಲ್ಲ ಪುಕ್ಕಟೆ ಮಾಡಿಕೊಟ್ಟರೆ ಅವನ ಔದಾರ್ಯದ ಖರ್ಚು ಆ ಸ್ಟುಡಿಯೋದವನ ತಟ್ಟೆಯಿಂದ ಹೋಗುತ್ತದೆ.

ಹಾಗಾದರೆ ದುಡ್ಡು ಕೈ ಸೇರಿದಾಗ ಏನೂ ಬದಲಾಗುವುದಿಲ್ಲವೆ? ಬದಲಾಗುತ್ತದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆಯನ್ನೇ ನೋಡಿ. ನೀವು ನಿಮ್ಮ ಖುಷಿಗೆ ತೆಗೆದ ಚಿತ್ರದ ಹಕ್ಕು ನಿಮ್ಮದು. ಇನ್ನೊಬ್ಬರು ಹೇಳಿ, ಹಣ ಕೊಟ್ಟು ತೆಗೆಸಿದ ಚಿತ್ರವಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಅದರ ಮೊದಲ ಒಡೆಯರು ಹಣ ಕೊಟ್ಟವರೇ. ಕಾನೂನು ಬರೆದವರು ವೇದಾಂತಿಗಳಲ್ಲದಿರಬಹುದು, ಆದರೂ ಮರ್ಮ ಹಿಡಿದಿದ್ದಾರೆ. ಹವ್ಯಾಸಿ ಮಿಂಚುಳ್ಳಿಗಾಗಿ ಕೆರೆಯ ಏರಿಯ ಮೇಲೆ ಎರಡು ಗಂಟೆ ಕಾದು, ಬೆಳಕು ಸರಿಯಿಲ್ಲವೆಂದು ಬರಿಗೈಯಲ್ಲಿ ಮನೆಗೆ ಹೋಗಬಹುದು. ಕೂಲಿಯವನಿಗೆ ಆ ಸ್ವಾತಂತ್ರ್ಯವಿಲ್ಲ. ಮುಹೂರ್ತ ಬೆಳಕಿಗಾಗಿ ಕಾಯುವುದಿಲ್ಲ.

ಇದನ್ನು ಬರಿಯ ನಷ್ಟವೆಂದು ನಾನು ಹೇಳಲಾರೆ. ಹವ್ಯಾಸಿಯ ಕಣ್ಣು ಚೆಂದದ ಮುಖವನ್ನು ಹುಡುಕುತ್ತದೆ. ಕೂಲಿಯವನು ಮೂರನೇ ಸಾಲಿನ ಮೂಲೆಯಲ್ಲಿ ಕೂತ ಸೋದರತ್ತೆಯನ್ನೂ ತೆಗೆಯಲೇಬೇಕು. ಮುಂದಿನ ವರ್ಷ ಅವರು ತೀರಿಕೊಂಡರೆ, ಗೋಡೆಗೆ ಹಾಕಿ ಹಾರ ಹಾಕಲು ಸಿಗುವುದು ಆ ಒಂದು ಚಿತ್ರವೇ.

ನನ್ನನ್ನು ಹೆಚ್ಚು ಕಾಡುವುದು ಚಿತ್ರದೊಳಗೆ ಇರುವವರ ವಿಷಯ. 1936ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಬಟಾಣಿ ಬಿಡಿಸುವ ಕೂಲಿಗಳ ಬಿಡಾರದ ಬಳಿ, ಡೊರೊಥಿಯಾ ಲ್ಯಾಂಗ್ ಎಂಬಾಕೆ ಮಕ್ಕಳೊಡನೆ ಕುಳಿತ ಒಬ್ಬ ತಾಯಿಯ ಚಿತ್ರ ತೆಗೆದರು. ತಾಯಿಯ ಹೆಸರು ಕೇಳಲಿಲ್ಲ. ಚಿತ್ರ ಲೋಕಪ್ರಸಿದ್ಧವಾಯಿತು. ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ. ಅದರಿಂದ ತನಗೆ ಏನೂ ಸಿಗಲಿಲ್ಲ, ಅದನ್ನು ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಆಕೆ ನೊಂದುಕೊಂಡರು. ಲ್ಯಾಂಗ್ ಸರ್ಕಾರದ ಕೆಲಸದ ಮೇಲೆ ಹೋಗಿದ್ದವರು, ಆ ಚಿತ್ರವನ್ನು ಮಾರಿ ಶ್ರೀಮಂತರಾದವರಲ್ಲ. ಆದರೂ ಆ ನೋವು ಉಳಿಯಿತು. ಹಾಗಿರುವಾಗ, ಹುಲ್ಲುಹೊರೆ ಹೊತ್ತ ಅಜ್ಜಿಯ ಚಿತ್ರವನ್ನು ಕ್ಯಾಲೆಂಡರಿಗೆ ಮಾರುವವನು ಯೋಚಿಸಬೇಡವೆ? ಅದು ಅವನ ಮನೆಯ ಗೋಡೆಯ ಮೇಲಿದ್ದಾಗ ಅಜ್ಜಿಯ ನಗು ಅವನಿಗೆ ಸಿಕ್ಕ ಉಡುಗೊರೆ. ಬೆಲೆ ಕಟ್ಟಿದೊಡನೆ ಅದರಲ್ಲಿ ಅಜ್ಜಿಗೂ ಪಾಲು ಬಂತು. ಹೋಗಿ ಒಂದು ಮಾತು ಕೇಳುವುದು ಅವನು ಮಾಡಬಹುದಾದ ಅತಿ ಸಣ್ಣ ಕೆಲಸ.

ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮೈ ವ್ಯಾರಾವಾಲಾ ದಶಕಗಳ ಕಾಲ ಕ್ಯಾಮರಾದಿಂದಲೇ ಸಂಪಾದಿಸಿದರು. 1970ರಲ್ಲಿ, ಹೊಸಬರ ಒರಟು ನಡವಳಿಕೆ ಸಹಿಸದೆ, ಆ ವೃತ್ತಿಯನ್ನೇ ಬಿಟ್ಟರು. ಅಲ್ಲಿಯವರೆಗೂ ಪಡೆದ ಹಣ ಅವರಿಗೆ ಮೈಲಿಗೆ ಎನಿಸಿರಲಿಲ್ಲ; ಮರ್ಯಾದೆ ಹೋದ ಕಡೆ ನಿಲ್ಲಲು ಅವರಿಗೆ ಆಗಲಿಲ್ಲ. ಒಲ್ಲೆ ಎನ್ನುವ ಶಕ್ತಿ ಇರುವತನಕ ಕೂಲಿಯಿಂದ ಕೆಲಸ ಕೆಡುವುದಿಲ್ಲ ಎಂದು ನನಗೆ ಅನ್ನಿಸುವುದು ಇಂಥವರನ್ನು ನೆನೆದಾಗ. ಆದ್ದರಿಂದ ದರವನ್ನು ಮೊದಲೇ, ನೆಂಟರಿಗೂ, ಬಾಯಿಬಿಟ್ಟು ಹೇಳುವುದೇ ಲೇಸು. ಭಾನುವಾರದ ಕೆರೆಯನ್ನು ಮಾತ್ರ ಯಾರಿಗೂ ಮಾರದೆ ಇಟ್ಟುಕೊಳ್ಳಬೇಕು.

ನಮ್ಮ ಕಡೆ ಸಾವಾದ ಮನೆಯಿಂದ ಹೆಣ ಎತ್ತುವ ಮೊದಲು ಫೋಟೋದವನಿಗೆ ಕರೆ ಹೋಗುವುದುಂಟು. ನಾನು ಕಂಡ ಒಬ್ಬ ಸ್ಟುಡಿಯೋದವನು ಎಷ್ಟು ಹೊತ್ತಿಗೆ ಕರೆದರೂ ಹೋಗುತ್ತಿದ್ದ. ಹದಿಮೂರು ದಿನ ಕಳೆಯುವವರೆಗೆ ಹಣದ ಮಾತು ಎತ್ತುತ್ತಿರಲಿಲ್ಲ. ಆಮೇಲೆ ಪ್ರಿಂಟಿಗೆ, ಕಟ್ಟಿಗೆ ಆದಷ್ಟನ್ನು ಪಡೆಯುತ್ತಿದ್ದ. ಹೊತ್ತಲ್ಲದ ಹೊತ್ತಿನಲ್ಲಿ ಬಂದದ್ದಕ್ಕೆ ಅವನ ರಶೀದಿಯಲ್ಲಿ ಕಾಲಂ ಇರಲಿಲ್ಲ.