ಸಾಕು ಎಂದಾಗ ಬಿಡಬೇಕು

ಐಕಿಡೊ ಕಲಿಯಲು ಹೋದವರಿಗೆ ಮೊದಲ ದಿನ ಹೊಡೆಯೋದನ್ನು ಹೇಳಿಕೊಡುವುದಿಲ್ಲ. ಬೀಳೋದನ್ನು ಹೇಳಿಕೊಡುತ್ತಾರೆ. ಗದ್ದವನ್ನು ಎದೆಗೆ ಒತ್ತಿ, ಬೆನ್ನು ಬಾಗಿಸಿ, ತೋಳು, ಭುಜ, ಬೆನ್ನು ಒಂದಾದ ಮೇಲೊಂದು ನೆಲಕ್ಕೆ ತಾಗುವಂತೆ ಚಕ್ರದ ಹಾಗೆ ಉರುಳಿ ಎದ್ದು ನಿಲ್ಲಬೇಕು. ಜಪಾನಿನವರು ಇದಕ್ಕೆ ಉಕೆಮಿ ಅಂತಾರೆ. ಬೀಳೋದನ್ನೂ ಕಲಿಯಬೇಕಾ ಎಂದು ನಗಬಹುದು. ಬೀಳುವ ಭಯ ಇರೋವರೆಗೆ ನಾವು ಯಾರ ಎದುರಿಗೂ ನೆಟ್ಟಗೆ ನಿಲ್ಲಲಾರೆವು.

ಆಮೇಲೆ ಇಕ್ಕ್ಯೊ, ಅಂದರೆ ಮೊದಲನೆಯ ಪಾಠ. ಜೊತೆಗಾರ ಕೈಯಂಚನ್ನು ಕತ್ತಿಯಂತೆ ನಮ್ಮ ಹಣೆಗೆ ಬೀಸುತ್ತಾನೆ. ಏಟು ಪೂರ್ತಿಯಾಗುವ ಮೊದಲೇ ನಾವು ಒಳಗೆ ನುಗ್ಗಿ, ಅವನ ಮೊಣಕೈ, ಮಣಿಕಟ್ಟು ಹಿಡಿದು, ಮುಖ ಅಡಿಯಾಗಿ ಮಲಗಿಸಿ, ತೋಳನ್ನು ನೆಲಕ್ಕೆ ಒತ್ತಬೇಕು. ಮುರಿಯಬಾರದು. ಅವನು ಇನ್ನೊಂದು ಕೈಯಿಂದ ಚಾಪೆ ತಟ್ಟಿದರೆ ಸಾಕು ಎಂದರ್ಥ. ತಟ್ಟಿದ ಕ್ಷಣ ಬಿಡಬೇಕು. ನಾಲ್ಕಾರು ಸಲ ಹೀಗಾದ ಮೇಲೆ ಜಾಗ ಬದಲಿ. ಈಗ ಹೊಡೆಯುವ ಸರದಿ ನಮ್ಮದು, ಬೀಳುವ ಸರದಿಯೂ ನಮ್ಮದೇ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೊಡೆಯಲು ಬಂದವನ ತೋಳನ್ನು ನಾವ್ಯಾಕೆ ಕಾಪಾಡಬೇಕು? ಈ ಕರುಣೆ ಬಲ್ಲಿದರ ಉಪದೇಶವೇ?

ಈ ವಿದ್ಯೆಯ ಚರಿತ್ರೆ ಅಷ್ಟು ಮುಗ್ಧವೇನಲ್ಲ. ಇದರ ಚಲನೆಗಳ ಹಿಂದೆ ಕತ್ತಿ ಇದೆ. 1876ರ ಸರ್ಕಾರಿ ಆಜ್ಞೆಯವರೆಗೆ ಸೊಂಟಕ್ಕೆ ಎರಡು ಕತ್ತಿ ಸಿಕ್ಕಿಸಿಕೊಂಡು ತಿರುಗೋದು ಸಮುರಾಯ್‌ಗಳ ಹಕ್ಕಾಗಿತ್ತು. ಕತ್ತಿ ಇದ್ದವನೂ ಇಲ್ಲದವನೂ ಅಲ್ಲಿ ಜಾಗ ಬದಲಿಸುತ್ತಿರಲಿಲ್ಲ. ಐಕಿಡೊ ಕಟ್ಟಿದ ಮೊರಿಹೆಯಿ ಉಯೆಶಿಬಾ (1883–1969) 1930ರ ದಶಕದಲ್ಲಿ ಸೈನ್ಯದ ಶಾಲೆಗಳಲ್ಲೂ ಪಾಠ ಹೇಳಿದವರು. 1942ರಲ್ಲಿ, ಯುದ್ಧದ ನಡುವೆಯೇ, ಟೋಕಿಯೊ ಬಿಟ್ಟು ಇವಾಮಾಕ್ಕೆ ಹೋಗಿ ಬೇಸಾಯಕ್ಕೆ ನಿಂತರು. ಐಕಿಡೊ ಎಂಬ ಹೆಸರು ಅಧಿಕೃತವಾದದ್ದೂ ಅದೇ ವರ್ಷ. ಮಣಿಕಟ್ಟು ಹಿಡಿಯುವ ಪಟ್ಟು ಸೈನಿಕನಿಗೂ ಅದೇ, ರೈತನಿಗೂ ಅದೇ. ಆದ್ದರಿಂದ ಬರೀ ಪಟ್ಟು ಕಲಿತವನು ಒಳ್ಳೆಯವನಾಗಿಬಿಡುತ್ತಾನೆ ಎಂದು ನಾವು ನಂಬುವುದಿಲ್ಲ.

ಮುರಿಯುವ ಶಕ್ತಿಯೇ ಇಲ್ಲದವನಿಗೆ ಮುರಿಯಬೇಡ ಎಂದು ಹೇಳೋದು ಗೇಲಿ. ಅವನಿಗೆ ಮೊದಲು ಶಕ್ತಿ ಬರಬೇಕು. ಶಕ್ತಿ ಬಂದ ಮೇಲೆ ಕೈ ತಡೆದರೆ ಮಾತ್ರ ಅದು ಅಹಿಂಸೆ, ಅಲ್ಲಿಯವರೆಗೆ ಅದು ಅಸಹಾಯಕತೆ. ಐಕಿಡೊ ಈ ಎರಡನ್ನೂ ಒಟ್ಟಿಗೆ ಕಲಿಸುತ್ತದೆ. ತಿರುಚಿದ ಮಣಿಕಟ್ಟಿನ ನೋವು ಎಷ್ಟೆಂದು ನಮ್ಮ ಮಣಿಕಟ್ಟಿಗೇ ಗೊತ್ತಿರುತ್ತದೆ, ಯಾಕೆಂದರೆ ಈಗಷ್ಟೇ ಕೆಳಗೆ ಬಿದ್ದಿದ್ದವರು ನಾವೇ. ಇದು ಪುಸ್ತಕದ ಕರುಣೆಯಲ್ಲ, ಮೈ ಕಲಿತ ಪಾಠ.

ಚಾಪೆಯ ಮೇಲೂ ಹಿರಿಯ ಕಿರಿಯ ಅನ್ನೋದು ಇದೆ. ಕೂರುವ ಜಾಗಕ್ಕೂ ಕ್ರಮ ಇದೆ. ಹಿರಿಯನೆಂಬ ಗತ್ತಿನಲ್ಲಿ ಕಿರಿಯನ ತಟ್ಟು ಕೇಳಿಸಿಯೂ ಒತ್ತುತ್ತಲೇ ಇದ್ದರೆ, ಅವನು ಎಷ್ಟು ವರ್ಷ ಕಲಿತಿದ್ದರೂ ಮೊದಲನೆಯ ಪಾಠ ಅವನಿಗೆ ಬಂದಿಲ್ಲ.

ಗೆಳೆಯರೇ, ಕೆಳಗಿದ್ದವನ ಒಂದು ತಟ್ಟಿಗೆ ಮೇಲಿದ್ದವನು ತಕ್ಷಣ ಕೈ ಬಿಡೋದು, ಮರುಗಳಿಗೆಯಲ್ಲಿ ತಾನೇ ಕೆಳಗೆ ಹೋಗಲು ಒಪ್ಪೋದು, ಇಷ್ಟೇ ನಿಯಮ. ಚಾಪೆಯ ಮೇಲೆ ಇದು ದಿನವೂ ನಡೆಯುತ್ತದೆ. ಚಾಪೆಯ ಹೊರಗೆ ಎಷ್ಟೋ ಕೈಗಳು ನೆಲ ತಟ್ಟುತ್ತಲೇ ಇವೆ. ಕೇಳಿಸಿಕೊಳ್ಳೋರು ಯಾರು?