ಕ್ರಿಸ್ತಜಯಂತಿಯ ಸಂತೋಷವು ಎಲ್ಲಿ ದೊರೆಯುವದು?



ರಾಗಿಯನ್ನು ಕೊಯ್ದು ಮೆದೆ ಒಟ್ಟುವ ಈ ದಿನಗಳಲ್ಲಿ, ಅವರೇಕಾಯಿ ಸಂತೆಗೆ ಬರುವ ಈ ಚಳಿಗಾಲದಲ್ಲಿ, ನಮ್ಮ ಕರ್ತನು ಹುಟ್ಟಿದ ಹಬ್ಬವು ಪುನಃ ಸಮೀಪಿಸಿದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ಸಣ್ಣ ಸಭೆಗಳಲ್ಲಿ ದೇವಾಲಯಕ್ಕೆ ಸುಣ್ಣ ಬಳಿಯುವದೂ, ಬಿದಿರಿನ ತುದಿಗೆ ನಕ್ಷತ್ರವನ್ನು ಕಟ್ಟುವದೂ, ಮಕ್ಕಳಿಗೆ ಗೀತೆಗಳನ್ನು ಕಲಿಸುವದೂ ನಡೆಯುತ್ತಿವೆ. ಇವೆಲ್ಲವೂ ಒಳ್ಳೆಯವೇ. ಆದರೆ ಹಬ್ಬವು ಮುಗಿದ ಮಾರನೆಯ ದಿನ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯುಂಟು. ಹಬ್ಬವು ಬಂದು ಹೋಯಿತು. ಅದರ ಸಂತೋಷವು ನಮ್ಮ ಮನೆಯೊಳಗೆ ಬಂದಿತೋ?

ಅನೇಕ ಮನೆಗಳಲ್ಲಿ ಅದು ಬರುವದಿಲ್ಲವೆಂಬದನ್ನು ನಾವು ಬಲ್ಲೆವು. ಹೊಸ ಬಟ್ಟೆಗಾಗಿಯೂ ಊಟಕ್ಕಾಗಿಯೂ ಮುಂದಿನ ರೇಷ್ಮೆಗೂಡಿನ ಬೆಳೆಯನ್ನು ನೆಚ್ಚಿ ಬಡ್ಡಿಗೆ ಹಣ ತರುತ್ತಾರೆ. ಒಂದು ದಿವಸ ಉಂಡು ನಗುತ್ತಾರೆ. ಜನವರಿ ತಿಂಗಳು ಕಳೆಯುವದರೊಳಗಾಗಿ ಸಾಲ ಕೊಟ್ಟವನು ಬಾಗಿಲಲ್ಲಿ ನಿಲ್ಲುತ್ತಾನೆ. ಆಗ ಆ ಮನೆಯವರಿಗೆ ಹಬ್ಬವೆಂಬ ಮಾತೇ ಕಹಿಯಾಗುವದು. ಇದು ಹಬ್ಬದ ತಪ್ಪಲ್ಲ. ಇಲ್ಲದ ಸ್ಥಳದಲ್ಲಿ ಸಂತೋಷವನ್ನು ಹುಡುಕಿದ ನಮ್ಮ ತಪ್ಪು. ಕರ್ತನು ಹುಟ್ಟಿದ ದಿನವು ಇಂಥದ್ದೆಂದು ಶಾಸ್ತ್ರದಲ್ಲಿ ಎಲ್ಲಿಯೂ ಬರೆದಿಲ್ಲ. ರೋಮಾಪುರದ ಸಭೆಯವರು ಕ್ರಿ. ಶ. 336ರಲ್ಲಿ ಡಿಸೆಂಬರ್ 25ನೆಯ ದಿನವನ್ನು ಆಚರಿಸಿದರೆಂದು ಹಳೆಯ ದಾಖಲೆಯಿಂದ ತಿಳಿದುಬರುತ್ತದೆ. ಆದದರಿಂದ ಸಂತೋಷವು ದಿನಕ್ಕೆ ಕಟ್ಟುಬಿದ್ದದ್ದಲ್ಲ. ಆ ದಿನವು ಯಾರನ್ನು ಜ್ಞಾಪಕಕ್ಕೆ ತರುವದೋ ಆತನಿಗೆ ಸೇರಿದ್ದು.

ಲೂಕನು ಬರೆದ ಸುವಾರ್ತೆಯ 2ನೆಯ ಅಧ್ಯಾಯವನ್ನು ನಿಧಾನವಾಗಿ ಓದಿರಿ. ಮಹಾ ಸಂತೋಷದ ಸಮಾಚಾರವು ಮೊದಲು ಯಾರಿಗೆ ತಿಳಿಸಲ್ಪಟ್ಟಿತು? ಛತ್ರದಲ್ಲಿ ಸ್ಥಳ ಹಿಡಿದು ಸುಖವಾಗಿ ಮಲಗಿದ್ದವರಿಗಲ್ಲ, ರಾತ್ರಿಯಲ್ಲಿ ಎಚ್ಚರವಾಗಿದ್ದು ಹಿಂಡನ್ನು ಕಾಯುತ್ತಿದ್ದ ಕುರುಬರಿಗೆ. ಅಂಥವರನ್ನು ನಾವೂ ಕಂಡಿದ್ದೇವೆ. ಕೊಯ್ಲಾದ ಹೊಲಗಳಲ್ಲಿ ಕುರಿಗಳನ್ನು ಮಂದೆ ಹಾಕಿಸಿ, ಕಂಬಳಿ ಹೊದ್ದು, ಬೆಂಕಿಯ ಬಳಿ ರಾತ್ರಿ ಕಳೆಯುವವರು ನಮ್ಮ ಸೀಮೆಯಲ್ಲಿಯೂ ಇದ್ದಾರೆ. ಬೇತ್ಲೆಹೇಮಿನ ಆ ಕುರುಬರು ಗೋದಲಿಯಲ್ಲಿ ಮಲಗಿದ್ದ ಶಿಶುವನ್ನು ನೋಡಿ ದೇವರನ್ನು ಕೊಂಡಾಡುತ್ತಾ ಹಿಂತಿರುಗಿದರು. ಹಿಂತಿರುಗಿದ್ದು ಎಲ್ಲಿಗೆ? ಅದೇ ಹೊಲಕ್ಕೆ, ಅದೇ ಕುರಿಗಳ ಬಳಿಗೆ. ಅವರ ಚಳಿಯು ಕಡಿಮೆಯಾಗಲಿಲ್ಲ, ಕೂಲಿಯು ಹೆಚ್ಚಲಿಲ್ಲ. ಆದರೂ ಅವರು ಸಂತೋಷವುಳ್ಳವರಾಗಿ ಹೋದರು.

ಹಾಗಾದರೆ ಆ ಶಿಶುವಿನಲ್ಲಿ ಅವರು ಕಂಡದ್ದೇನು? ಅಪೊಸ್ತಲನಾದ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಇದಕ್ಕೆ ಉತ್ತರ ಕೊಡುತ್ತಾನೆ. ದೇವರಿಗೆ ಸಮಾನನಾಗಿದ್ದವನು ತನ್ನನ್ನು ಬರಿದು ಮಾಡಿಕೊಂಡು ದಾಸನಂತೆ ಇಳಿದು ಬಂದನು. ಆ ಮನಸ್ಸೇ ನಿಮ್ಮಲ್ಲಿಯೂ ಇರಲಿ ಎಂಬದೇ ಅವನ ಬೋಧೆ. ಇದನ್ನು ಬರೆಯುವಾಗ ಪೌಲನು ಬೇಡಿಗಳಲ್ಲಿದ್ದನು. ಆದರೂ ಆ ಪತ್ರಿಕೆಯಲ್ಲಿ ಸಂತೋಷವೆಂಬ ಮಾತು ಪದೇಪದೇ ಬರುತ್ತದೆ. ಇಳಿದು ಬರುವ ಮನಸ್ಸಿಗೂ ಸಂತೋಷಕ್ಕೂ ಏನೋ ಸಂಬಂಧವಿರಲೇಬೇಕು. ಸೆಮಿನರಿಯಲ್ಲಿ ಈ ಅಧ್ಯಾಯವನ್ನು ನಾನು ಬಾಯಿಪಾಠ ಮಾಡಿದ್ದೆನು. ಅದರ ಅರ್ಥವನ್ನಾದರೋ ಒಬ್ಬ ಮುದುಕಿಯಿಂದ ಕಲಿತೆನು.

ಕೆಲವು ವರುಷಗಳ ಹಿಂದೆ ಶಿಡ್ಲಘಟ್ಟ ತಾಲ್ಲೂಕಿನ ಒಂದು ಗ್ರಾಮದಲ್ಲಿ ಹಬ್ಬದ ರಾತ್ರಿಯ ಆರಾಧನೆ ನಡೆಸಿದೆನು. ಗೀತೆಗಳು ಚೆನ್ನಾಗಿದ್ದವು, ಜನರೂ ತುಂಬಿದ್ದರು. ಆದರೆ ಯಾವಾಗಲೂ ಮುಂದೆ ಕೂಡ್ರುವ ಒಬ್ಬ ವಿಧವೆಯ ಸ್ಥಳವು ಬರಿದಾಗಿತ್ತು. ಹಿಪ್ಪುನೇರಳೆ ಸೊಪ್ಪು ಕೀಳುವ ಕೂಲಿಯಿಂದ ಜೀವಿಸುತ್ತಿದ್ದವಳು ಆಕೆ. ಇಂಥ ರಾತ್ರಿಯಲ್ಲಿಯೂ ಬರಲಿಲ್ಲವಲ್ಲಾ ಎಂದು ನಾನು ಮನಸ್ಸಿನೊಳಗೆ ಬೇಸರಪಟ್ಟೆನು. ನಿಜ ಹೇಳಬೇಕಾದರೆ, ಎಷ್ಟು ಮಂದಿ ಬಂದರು, ಕಾಣಿಕೆ ಎಷ್ಟಾಯಿತು ಎಂಬ ಎಣಿಕೆಯಲ್ಲಿಯೇ ನನ್ನ ಮನಸ್ಸು ಮುಳುಗಿತ್ತು. ಆರಾಧನೆ ಮುಗಿದಾಗ ನನಗೆ ಆಯಾಸವಿತ್ತೇ ಹೊರತು ಸಂತೋಷವಿರಲಿಲ್ಲ.

ಬೆಳಿಗ್ಗೆ ಆಕೆಯು ಬಂದಳು. ಸೀರೆಯಲ್ಲಿ ಹುಳುಮನೆಯ ವಾಸನೆಯಿತ್ತು. ಕಣ್ಣುಗಳು ನಿದ್ರೆಯಿಲ್ಲದೆ ಕೆಂಪಾಗಿದ್ದವು. ಎಲ್ಲಿ ಹೋಗಿದ್ದೆ ಅಜ್ಜೀ ಎಂದು ಕೇಳಿದೆನು. ಪಕ್ಕದ ಕೇರಿಯ ಒಂದು ಮನೆಯಲ್ಲಿ ಯಜಮಾನನು ಬಿದ್ದು ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ್ದನಂತೆ. ಮಗನೂ ಅವನ ಸಂಗಡ ಹೋಗಿದ್ದನಂತೆ. ಮನೆಯಲ್ಲಿ ಹೆಂಗಸು ಒಬ್ಬಳೇ. ನಾಲ್ಕು ಜ್ವರಗಳನ್ನು ದಾಟಿದ ಹುಳುಗಳು ಆ ಸಾಯಂಕಾಲವೇ ಹಣ್ಣಾದವು. ಹಣ್ಣಾದ ಹುಳು ಯಾರಿಗಾಗಿಯೂ ಕಾಯದೆಂದು ನಿಮಗೆ ತಿಳಿದದೆ. ಆಗಲೇ ಆರಿಸಿ ಚಂದ್ರಿಕೆಗೆ ಬಿಡದೆ ಹೋದರೆ ಕಂಡ ಕಂಡಲ್ಲಿ ನೂಲು ಬಿಟ್ಟು ಕೆಟ್ಟುಹೋಗುವದು. ಒಂದು ಬೆಳೆ ಹೋದರೆ ಆ ಮನೆಯೇ ಸಾಲದಲ್ಲಿ ಬೀಳುವದು. ನಮ್ಮ ಮುದುಕಿಯು ರಾತ್ರಿಯೆಲ್ಲಾ ಕೂತು ಹುಳುಗಳನ್ನು ಆರಿಸಿ ಬಿಟ್ಟಿದ್ದಳು. ಆ ಮನೆಯವರು ಯಾರು ಗೊತ್ತೇ? ಹಿಂದೆ ಆಕೆಯು ಬಾಯಾರಿ ನಿಂತಾಗ ಪಾತ್ರೆ ಮುಟ್ಟಬಾರದೆಂದು ಬೊಗಸೆಗೆ ಮೇಲಿನಿಂದ ನೀರು ಸುರಿದವರು. ಇದನ್ನು ನಾನು ಆಕೆಗೆ ಜ್ಞಾಪಿಸಿದೆನು. ಅದಕ್ಕೆ ಆಕೆಯು, “ಹುಳು ಹಣ್ಣಾಗಿತ್ತು, ಆಕೆಗೆ ಕೈ ಸಾಲದು. ನಾನು ಇನ್ನೇನು ಮಾಡಲಿ ಅಯ್ಯನವರೇ?” ಎಂದು ಹೇಳಿ ನಕ್ಕಳು. ಆ ಮುಖದಲ್ಲಿದ್ದ ಸಂತೋಷವನ್ನು ನಾನು ಹಿಂದಿನ ರಾತ್ರಿ ಸಭೆಯಲ್ಲೆಲ್ಲಾ ಹುಡುಕಿ ಕಂಡಿರಲಿಲ್ಲ. ನನಗೆ ನಾಚಿಕೆಯಾಯಿತು.

ಇಲ್ಲಿ ಒಬ್ಬರು ಕೇಳಬಹುದು: ಹಾಗಾದರೆ ಸಂತೋಷವನ್ನು ಪಡೆಯಬೇಕೆಂದು ನಾವೂ ಪರರಿಗೆ ಉಪಕಾರ ಮಾಡೋಣವೋ? ಜಾಗ್ರತೆಯಾಗಿರಿ. ಸಂತೋಷಕ್ಕಾಗಿ ಉಪಕಾರ ಮಾಡುವವನು ನೆರೆಯವನ ಹೆಸರಿನಲ್ಲಿ ತನ್ನನ್ನೇ ಸೇವಿಸುವವನು. ನಿದ್ರೆ ಬರಲೇಬೇಕೆಂದು ಹಟ ಹಿಡಿದು ಮಲಗಿದವನಿಗೆ ನಿದ್ರೆ ಬಾರದು. ಹಗಲೆಲ್ಲಾ ಹೊಲದಲ್ಲಿ ದುಡಿದವನಿಗೆ ಅದು ಕರೆಯದೆ ಬರುವದು. ಸಂತೋಷವೂ ಹಾಗೆಯೇ. ಆ ಮುದುಕಿಯು ಸಂತೋಷವನ್ನು ನೆನಸಲೇ ಇಲ್ಲ. ಹುಳುಗಳನ್ನೂ ಆ ಹೆಂಗಸಿನ ಕಷ್ಟವನ್ನೂ ಮಾತ್ರ ನೆನಸಿದಳು. ಉಪಕಾರದಿಂದ ರಕ್ಷಣೆಯನ್ನು ಕೊಂಡುಕೊಳ್ಳಬಹುದೆಂದೂ ಯಾರೂ ತಿಳಿಯಬಾರದು. ನಾವು ಯೋಗ್ಯರಾಗುವದಕ್ಕೆ ಮುಂಚೆಯೇ ಕರ್ತನು ನಮಗಾಗಿ ಗೋದಲಿಗೆ ಇಳಿದು ಬಂದನು. ಹಾಗೆ ಪ್ರೀತಿಸಲ್ಪಟ್ಟೆನೆಂದು ನಂಬಿದವನಿಗೆ ತಾನೂ ಇಳಿಯುವದಕ್ಕೆ ಭಯವಿರುವದಿಲ್ಲ.

ಇನ್ನೊಬ್ಬರು ಹೇಳಬಹುದು: ಕ್ರಿಸ್ತನಂತೆ ನಡೆದವರಿಗೆ ಕಷ್ಟಗಳು ಹೆಚ್ಚಾದವೇ ಹೊರತು ಸಂತೋಷವೆಲ್ಲಿ? ಇದೂ ನಿಜವಾದ ಮಾತು. ಆ ಮುದುಕಿಯ ಬಡತನವು ಮರುದಿನವೂ ಹೋಗಲಿಲ್ಲ. ಗೋದಲಿಯಿಂದ ಹೊರಟ ದಾರಿಯು ಶಿಲುಬೆಯ ಮುಂದೆಯೇ ಹಾದುಹೋಗುತ್ತದೆ. ಆದರೆ ಸಂತೋಷವೆಂದರೆ ಕಣ್ಣೀರಿಲ್ಲದಿರುವದಲ್ಲ. ಕಣ್ಣೀರಿನಲ್ಲಿಯೂ ನಾನು ಕರ್ತನ ಸಂಗಡ ಒಂದೇ ದಾರಿಯಲ್ಲಿದ್ದೇನೆಂಬ ಸಮಾಧಾನವು. ಸುಖವನ್ನು ಕಳ್ಳನು ಕದಿಯಬಹುದು, ಮಳೆಯು ಕೆಡಿಸಬಹುದು. ಇದನ್ನು ಯಾರೂ ತೆಗೆಯಲಾರರು.

ಲಂಡನ್ ಮಿಶನ್ನಿನವರು ಚಿಕ್ಕಬಳ್ಳಾಪುರದಲ್ಲಿ 20ನೆಯ ಶತಮಾನದ ಆದಿಭಾಗದಲ್ಲಿ ಸ್ಥಾಪಿಸಿದ ಆಸ್ಪತ್ರೆಯು ಇದೇ ಮನಸ್ಸಿನಿಂದ ಹುಟ್ಟಿದ್ದು. 1947ನೆಯ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯು ಏರ್ಪಟ್ಟ ಮೇಲೆ ಅದು ನಮ್ಮ ಸಭೆಯ ಆಸ್ಪತ್ರೆಯಾಯಿತು. ಪರರ ಹುಣ್ಣನ್ನು ತೊಳೆದು ಕಟ್ಟುವ ಕೈಗೆ ಡಿಸೆಂಬರ್ 25ನೆಯ ದಿನವೂ ಬಿಡುವಿಲ್ಲ. ಹಬ್ಬದ ರಾತ್ರಿ ರೋಗಿಯ ಬಳಿ ಎಚ್ಚರವಾಗಿರುವ ದಾದಿಯು ಬೇತ್ಲೆಹೇಮಿನ ಕುರುಬರಿಗೆ ಬಲು ಸಮೀಪವಾಗಿದ್ದಾಳೆ.

ನಾವೆಲ್ಲರೂ ಆಸ್ಪತ್ರೆ ಕಟ್ಟಲಾರೆವು. ಆದರೆ ಜಕ್ಕಾಯನನ್ನು ನೆನಸಿಕೊಳ್ಳಿರಿ. ಆತನು ಕರ್ತನನ್ನು ಸಂತೋಷದಿಂದ ಮನೆಗೆ ಸೇರಿಸಿಕೊಂಡನು. ಅನ್ಯಾಯವಾಗಿ ತೆಗೆದದ್ದನ್ನು ನಾಲ್ಕರಷ್ಟು ತಿರುಗಿ ಕೊಡುವೆನೆಂದನು. ತೂಕದಲ್ಲಿ ಯಾರಿಗಾದರೂ ಮೋಸ ಮಾಡಿದ್ದೇವೋ? ಹಬ್ಬಕ್ಕೆ ಮುಂಚೆ ಅದನ್ನು ಸಲ್ಲಿಸೋಣ. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೋ? ಮೊದಲು ಹೋಗಿ ಮಾತಾಡುವವನು ಸೋತವನಲ್ಲ. ಅವನೇ ಇಳಿದು ಬಂದವನು. ಕೂಲಿಯವನ ಹಣವನ್ನು ಉಳಿಸಿಕೊಂಡು ಮಕ್ಕಳಿಗೆ ಹೊಸ ಬಟ್ಟೆ ತರುವದಕ್ಕಿಂತ, ಆ ಹಣವನ್ನು ಕೊಟ್ಟು ಒಗೆದ ಬಟ್ಟೆಯಲ್ಲಿ ದೇವಾಲಯಕ್ಕೆ ಬರುವದು ಮೇಲು. ನಮ್ಮನ್ನು ಹೀನೈಸಿದವರ ಮನೆಯಲ್ಲಿಯೂ ಕಷ್ಟವಿದ್ದರೆ ನಮ್ಮ ಕೈಗಳು ಅಲ್ಲಿರಲಿ.

ಹೀಗೆ ಮಾಡಿದ ಮೇಲೆ ನಿಮ್ಮ ಬಾಗಿಲಲ್ಲಿ ನಕ್ಷತ್ರವನ್ನು ಕಟ್ಟಿರಿ, ಗಟ್ಟಿಯಾಗಿ ಹಾಡಿರಿ, ಇದ್ದದ್ದನ್ನು ಹಂಚಿಕೊಂಡು ಉಣ್ಣಿರಿ. ಗೋದಲಿಯಲ್ಲಿ ಮಲಗಿದಾತನು ನಮ್ಮ ಬಡ ಮನೆಗಳಲ್ಲಿಯೂ ಸ್ಥಳ ಕಂಡುಕೊಳ್ಳಲಿ, ಆತನ ಮನಸ್ಸು ನಮ್ಮಲ್ಲಿ ಹುಟ್ಟಲಿ. ಆಮೆನ್.